ಅಂಗಳಕ್ಕಿಳಿದ ನಾಟಕಕಾರ

ನಾಟಕವನ್ನು ಪಾಠ ಹೇಳುತ್ತ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವನು ನಾನು. ತರಗತಿಯಲ್ಲಿ ನಾಟಕವೆಂದರೆ ಒಂದು ಪುಸ್ತಕ. ಅಂಕ, ದೃಶ್ಯ, ಸಂಭಾಷಣೆ, ಪಾತ್ರವಿಮರ್ಶೆ. ಅದನ್ನು ನೋಡುವವನು ಎಲ್ಲಿ ಕುಳಿತಿದ್ದಾನೆ ಎಂಬ ಪ್ರಶ್ನೆಯನ್ನು ನಾನು ಯಾವ ಪರೀಕ್ಷೆಯಲ್ಲಿಯೂ ಕೇಳಿದವನಲ್ಲ. ಆ ಪ್ರಶ್ನೆಯ ಬೆನ್ನುಹತ್ತಿ, ಕೈಗೆ ಬಂದಿದ್ದ ಕೀರ್ತಿಯನ್ನು ಬದಿಗಿಟ್ಟು ಹೊರಟ ನಾಟಕಕಾರರೊಬ್ಬರ ವಿಷಯವನ್ನು ಈ ಹೊತ್ತು ತಮ್ಮ ಮುಂದಿಡಲು ಬಯಸುತ್ತೇನೆ. ಅವರು ಬಂಗಾಳದ ಬಾದಲ್ ಸರ್ಕಾರ್.

1925 ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಸರ್ಕಾರ್ ಓದಿದ್ದು ಇಂಜಿನಿಯರಿಂಗ್. ಕೈಗೊಂಡದ್ದು ನಗರಯೋಜನೆಯ ವೃತ್ತಿ. ಜನ ಎಲ್ಲಿ ವಾಸಿಸಬೇಕು, ಎಲ್ಲಿ ನಡೆಯಬೇಕು, ಎಲ್ಲಿ ಕೂಡಬೇಕು ಎಂದು ನಕ್ಷೆ ಬರೆಯುವ ಕೆಲಸ. ಮುಂದೆ ರಂಗಭೂಮಿಯಲ್ಲಿಯೂ ಅವರು ಮಾಡಿದ್ದು ಬಹುಮಟ್ಟಿಗೆ ಇದನ್ನೇ ಎಂದು ನನಗೆ ಅನ್ನಿಸುತ್ತದೆ.

ಅವರಿಗೆ ದೇಶದಾದ್ಯಂತ ಹೆಸರು ತಂದ ನಾಟಕ, 1960 ರ ದಶಕದಲ್ಲಿ ಬಂದ ‘ಏವಂ ಇಂದ್ರಜಿತ್’. ನಮ್ಮ ಗಿರೀಶ ಕಾರ್ನಾಡರು ಅದನ್ನು ಇಂಗ್ಲಿಷಿಗೆ ತಂದರು. ಅದರ ಆರಂಭವನ್ನು ಸ್ವಲ್ಪ ನೆನೆಯಬೇಕು. ಲೇಖಕನೆಂಬ ಪಾತ್ರವೊಂದು ಬರೆಯಲು ವಸ್ತುವಿಲ್ಲದೆ ಒದ್ದಾಡುತ್ತಿದೆ. ಅಷ್ಟರಲ್ಲಿ ನಾಲ್ವರು ತಡವಾಗಿ ಬಂದು ಪ್ರೇಕ್ಷಕರ ನಡುವೆ ತಮ್ಮ ಆಸನಗಳನ್ನು ಹುಡುಕುತ್ತಾರೆ. ಲೇಖಕ ಅವರನ್ನು ರಂಗದ ಮೇಲಕ್ಕೆ ಕರೆಯುತ್ತಾನೆ. ಅಮಲ, ವಿಮಲ, ಕಮಲ, ನಾಲ್ಕನೆಯವನೇ ಇಂದ್ರಜಿತ. ನಾಟಕವಾಗಬೇಕಾದವರು ಕೆಳಗೆ, ಕತ್ತಲಲ್ಲಿ ಕುಳಿತಿದ್ದಾರೆ ಎಂಬ ಅರಿವು ಇಲ್ಲಿಯೇ ಮೊಳೆತಿದೆ. ಆದರೆ ಅವರು ಮೇಲೆ ಹತ್ತಿ ಬಂದದ್ದೇ ಬೆಳಕು ಬದಲಾಗುತ್ತದೆ. ಕೆಳಗೆ ಉಳಿದವರು ಮತ್ತೆ ಕತ್ತಲೆಯ ಪಾಲು.

1967 ರಲ್ಲಿ ‘ಶತಾಬ್ದಿ’ ಎಂಬ ತಂಡ ಕಟ್ಟಿದ ಸರ್ಕಾರರು ಈ ಕತ್ತಲೆಯನ್ನೇ ಪ್ರಶ್ನಿಸತೊಡಗಿದರು. ಸಿನಿಮಾಕ್ಕೆ ಇಲ್ಲದ ಒಂದು ಶಕ್ತಿ ನಾಟಕಕ್ಕಿದೆ. ಅದು ಜೀವಂತ ಮನುಷ್ಯ ಜೀವಂತ ಮನುಷ್ಯನ ಎದುರಿಗೆ ನಿಲ್ಲುವುದು. ಎತ್ತರದ ವೇದಿಕೆ, ತೆರೆ, ಒಂದೇ ದಿಕ್ಕಿಗೆ ಮುಖಮಾಡಿದ ಕುರ್ಚಿಗಳ ಸಾಲು—ಇವೆಲ್ಲ ಸೇರಿ ಆ ಶಕ್ತಿಯನ್ನೇ ಕುಗ್ಗಿಸುತ್ತವೆ ಎಂಬುದು ಅವರ ವಾದ. 1970 ರ ದಶಕದ ಆರಂಭದಲ್ಲಿ ‘ಸಗೀನಾ ಮಹತೋ’ ಮತ್ತು ‘ಸ್ಪಾರ್ಟಕಸ್’ ನಾಟಕಗಳನ್ನು ಅವರು ಚೌಕಟ್ಟಿನ ರಂಗದಿಂದ ಇಳಿಸಿ, ಸಾಮಾನ್ಯ ಕೊಠಡಿಯ ನೆಲದ ಮೇಲೆ, ಪ್ರೇಕ್ಷಕರ ನಡುವೆ ಆಡಿದರು. ಇದಕ್ಕೆ ಅವರಿಟ್ಟ ಹೆಸರು ‘ಅಂಗನ್ ಮಂಚ’, ಎಂದರೆ ಅಂಗಳದ ರಂಗ. ಹಳ್ಳಿಯ ಜನಪದ ರಂಗ ಒಂದು, ನಗರದ ಚೌಕಟ್ಟಿನ ರಂಗ ಎರಡು. ಎರಡರ ಸತ್ವವನ್ನೂ ಹೀರಿ ಎರಡರ ಮಿತಿಯನ್ನೂ ದಾಟುವ ತಮ್ಮ ರಂಗವನ್ನು ‘ಮೂರನೆಯ ರಂಗಭೂಮಿ’ ಎಂದು ಕರೆದರು. ಅದು ಬೇಕಾದಂತೆ ಬಾಗಬೇಕು, ಹೊತ್ತೊಯ್ಯುವಂತಿರಬೇಕು, ಖರ್ಚು ಕಡಿಮೆಯದಾಗಿರಬೇಕು. ಟಿಕೆಟ್ಟಿನ ಹಂಗು ಕಳೆದರೆ ಹಣದ ಹಂಗೂ ಕಳೆಯುತ್ತದೆ ಎಂದು ಅವರು ನಂಬಿದ್ದರು.

ಇನ್ನು ನನ್ನ ತಪ್ಪೊಪ್ಪಿಗೆ. 1974 ರಲ್ಲಿ ಅವರು ರಚಿಸಿದ ‘ಮಿಛಿಲ್’ ನಾಟಕವನ್ನು, ಎಂದರೆ ‘ಮೆರವಣಿಗೆ’ಯನ್ನು, ನಾನು ಇಂಗ್ಲಿಷ್ ಅನುವಾದದಲ್ಲಿ ಓದಿದಾಗ ನಿರಾಶನಾದೆ. ಪಾತ್ರಪೋಷಣೆಯಿಲ್ಲ, ಕಥೆಯ ಬೆಳವಣಿಗೆಯಿಲ್ಲ, ಮಾತುಗಳೆಲ್ಲ ತುಂಡು ತುಂಡು. ‘ಏವಂ ಇಂದ್ರಜಿತ್’ ಬರೆದ ಕೈ ಸೊರಗಿತು ಎಂದು ಪುಟದಂಚಿನಲ್ಲಿ ಗೀಚಿಟ್ಟೆ. ತರಗತಿಯಲ್ಲಿಯೂ ಹಾಗೆಯೇ ಹೇಳಿದೆ.

ಕೆಲವು ವಿದ್ಯಾರ್ಥಿಗಳು ಅದನ್ನು ಒಪ್ಪಲಿಲ್ಲ. ತಾವೇ ಕನ್ನಡ ಮಾಡಿಕೊಂಡು, ಒಂದು ಸಂಜೆ ಕಾಲೇಜಿನ ಹಳೆಯ ಹಜಾರದಲ್ಲಿ ಆಡಿದರು. ಸಭಾಂಗಣ ಖಾಲಿಯಿದ್ದರೂ ಕೇಳಲಿಲ್ಲ. ಬೆಂಚುಗಳನ್ನು ಅಡ್ಡಾದಿಡ್ಡಿ ಇಟ್ಟಿದ್ದರು. ನಡುವೆ ಓಣಿಗಳಂಥ ದಾರಿಗಳು. ಮುಂದಿನ ಸಾಲು ಯಾವುದೆಂದು ಹುಡುಕಿದೆ. ಅಂಥದೊಂದು ಸಾಲೇ ಇರಲಿಲ್ಲ.

ದೀಪಗಳು ಆರಿದವು. ನನ್ನ ಬೆನ್ನ ಹಿಂದೆಯೇ ಒಂದು ಚೀತ್ಕಾರ. ಬೆಳಕು ಬಂದಾಗ ಪೊಲೀಸನ ವೇಷದವನು, ಯಾರೂ ಸತ್ತಿಲ್ಲ, ಎಲ್ಲರೂ ಮನೆಗೆ ಹೋಗಿ ಎನ್ನುತ್ತಿದ್ದಾನೆ. ಖೋಕಾ ಎಂಬ ಹುಡುಗನೋ, ತಾನು ಸತ್ತೆ, ನಿನ್ನೆಯೂ ಸತ್ತೆ, ದಿನವೂ ಸಾಯುತ್ತಿದ್ದೇನೆ ಎಂದು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಮುಖ ನೋಡಿ ಹೇಳಿದ. ಮೂರು ವರ್ಷ ನನ್ನ ಪಾಠ ಕೇಳಿದ ಹುಡುಗನೇ ಅವನು. ಅಂದು ನಾನು ಕಣ್ಣು ತಪ್ಪಿಸಿದೆ. ತಪ್ಪಿಸಿದ್ದನ್ನು ಎದುರು ಬೆಂಚಿನವರು ಕಂಡರು. ಅವರು ಕಂಡರೆಂಬುದನ್ನು ನಾನೂ ಕಂಡೆ. ಕತ್ತಲ ಸಭಾಂಗಣದಲ್ಲಿದ್ದರೆ ಈ ನಾಚಿಕೆಗೆ ಎಡೆಯಿರುತ್ತಿರಲಿಲ್ಲ.

ಮನೆಯ ದಾರಿ ಹುಡುಕುವ ಮುದುಕನೂ ಕಳೆದುಹೋದ ಹುಡುಗನೂ ಕೊನೆಗೆ ಸೇರುವ ಮೆರವಣಿಗೆ ಬೆಂಚುಗಳ ನಡುವೆ ಸುತ್ತಿ ಬಂತು. ನಟರು ಕೈ ಚಾಚಿದರು. ಕುಳಿತವರು ಒಬ್ಬೊಬ್ಬರಾಗಿ ಎದ್ದರು. ನಾನೂ ಎದ್ದೆ. ಪುಸ್ತಕದಲ್ಲಿ ಬರಿದಾಗಿ ಕಂಡ ಜಾಗವೆಲ್ಲ ನನಗಾಗಿ ಬಿಟ್ಟ ಜಾಗವೆಂದು ಆಗ ತಿಳಿಯಿತು. ಮನೆಗೆ ಹೋಗಿ ಪುಟದಂಚಿನ ಬರಹವನ್ನು ಅಳಿಸಿದೆ.

ಇದು ಬರಿಯ ರಂಗತಂತ್ರವಲ್ಲ. ‘ಶತಾಬ್ದಿ’ ಕಲ್ಕತ್ತೆಯ ಕರ್ಜನ್ ಪಾರ್ಕಿನ ಬಯಲಿನಲ್ಲಿ ಆಡಿತು. 1974 ರಲ್ಲಿ ಅದೇ ಪಾರ್ಕಿನಲ್ಲಿ ಪೊಲೀಸರ ದಾಳಿಗೆ ಯುವಕನೊಬ್ಬ ಬಲಿಯಾದ. ಅಂಥ ನೆಲದ ಮೇಲೆ ಖೋಕಾನ ಮಾತು ಆಡಿದರೆ ಅದಕ್ಕೆ ಬರುವ ಅರ್ಥ ಬೇರೆ. ಸುಂದರಬನದ ಬಡ ರೈತರ ಬದುಕಿನಿಂದ ಹುಟ್ಟಿದ ‘ಭೋಮಾ’ ಹಳ್ಳಿಗಳಿಗೂ ಹೋಯಿತು. ಅಲ್ಲಿ ಪರಿಕರಗಳಿಲ್ಲ, ನಟರ ಮೈಗಳೇ ಕಾಡಾಗಬೇಕು, ದೋಣಿಯಾಗಬೇಕು.

ನಮಗೆ ಇದು ತೀರ ಹೊಸತೆ ಎಂದು ತಾವು ಕೇಳಬಹುದು. ಮೂರು ಕಡೆ ಜನ ಕುಳಿತು ನೋಡುವ ಬಯಲಾಟ ನಮ್ಮಲ್ಲಿದೆ. ಜನಪದ ರಂಗದ ಈ ನಿಕಟತೆಯನ್ನು ಸರ್ಕಾರರೂ ಮೆಚ್ಚಿದ್ದರು. ಆದರೆ ಅದರ ವಸ್ತು ಹಳೆಯದಕ್ಕೆ ಕಟ್ಟುಬಿದ್ದಿದೆ ಎಂಬುದು ಅವರ ಕೊರಗು. 1975 ರಲ್ಲಿ ಹುಟ್ಟಿದ ನಮ್ಮ ‘ಸಮುದಾಯ’ ತಂಡವೂ ಬೀದಿನಾಟಕಗಳ ಮೂಲಕ ಇಂಥದೇ ಹಾದಿ ತುಳಿಯಿತು.

ಈ ಹಾದಿಗೆ ಬೆಲೆ ತೆರಬೇಕಾಯಿತು ಎಂಬುದನ್ನು ಮರೆಮಾಚಬಾರದು. ಸರ್ಕಾರರ ಮೊದಲ ನಾಟಕಗಳು ಹಲವು ಭಾಷೆಗಳ ರಂಗವೇರಿದವು, ಪಠ್ಯಗಳಾದವು. ಅಂಗಳದ ನಾಟಕಗಳಿಗೆ ಆ ಭಾಗ್ಯ ಅಷ್ಟಾಗಿ ಬರಲಿಲ್ಲ. ಓದಿಗೆ ಅವು ಸುಲಭವಾಗಿ ಒಲಿಯುವುದಿಲ್ಲ. ಬರೆಹಗಾರನೊಬ್ಬ ತನ್ನ ಮಾತು ಪುಸ್ತಕದಲ್ಲಿ ಬಾಳುವುದಕ್ಕಿಂತ ಎದುರಿಗಿರುವ ಹತ್ತು ಜನರ ನಡುವೆ ಬಾಳಲಿ ಎಂದು ಬಯಸುವುದು ಸಣ್ಣ ತ್ಯಾಗವಲ್ಲ. ಪುಸ್ತಕವನ್ನೇ ನಂಬಿ ಬಾಳಿದ ನನ್ನಂಥವನಿಗೆ ಅದು ಅರ್ಥವಾಗಲು ತಡವಾಯಿತು.

2011 ರಲ್ಲಿ ಬಾದಲ್ ಸರ್ಕಾರ್ ತೀರಿಕೊಂಡರು. ಈಗಲೂ ನಾಟಕಕ್ಕೆ ಹೋದಾಗ, ದೀಪ ಆರುವ ಮುನ್ನ ಒಮ್ಮೆ ಅಕ್ಕಪಕ್ಕದವರ ಮುಖ ನೋಡುತ್ತೇನೆ. ಅವರೂ ನಾಟಕದ ಪಾತ್ರಗಳೇ ಎಂಬುದನ್ನು, ಕಲಿಸಬೇಕಾದ ನಾನು, ವಿದ್ಯಾರ್ಥಿಗಳಿಂದ ಕಲಿತೆ.