ಕೋವಿಯೂ ಕಳವಳವೂ

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಕೆಲವು ಕಾಲದ ಹಿಂದೆ ದೀಪಾವಳಿಯ ಹೊತ್ತಿನಲ್ಲಿ ಒಂದು ಮನೆಗೆ ಕಳ್ಳರು ನುಗ್ಗಿದರು. ಮನೆಯವರು ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಕಳ್ಳರು ಹಿತ್ತಲ ಬಾಗಿಲಿನ ಚಿಲಕ ಮುರಿದು, ಬೀರು ಒಡೆದು, ಒಡವೆಯನ್ನೂ ಬೆಳ್ಳಿಯ ಪಾತ್ರೆಗಳನ್ನೂ ಹೊತ್ತುಕೊಂಡು ಹೋಗಿದ್ದರು. ಮಾರನೆಯ ಸಂಜೆ ಬೀದಿಯ ಐದಾರು ಮಂದಿ ನಮ್ಮ ಜಗಲಿಯಲ್ಲಿ ಸೇರಿದೆವು. ಎಲ್ಲರ ಮುಖದಲ್ಲಿಯೂ ಕಳವಳ; ಎಲ್ಲರ ಮಾತಿನಲ್ಲಿಯೂ ಸ್ವಲ್ಪ ಸಿಟ್ಟು.

ಎದುರು ಮನೆಯ ನಿವೃತ್ತ ಎಂಜಿನಿಯರು ಮೊದಲು ಬಾಯಿ ತೆರೆದರು: "ಇನ್ನು ಯಾರನ್ನೂ ನಂಬಿ ಕೂರುವ ಕಾಲ ಹೋಯಿತು ಸಾರ್. ನಾನಂತೂ ಲೈಸೆನ್ಸಿಗೆ ಅರ್ಜಿ ಹಾಕುತ್ತೇನೆ. ಮನೆಯಲ್ಲಿ ಒಂದು ಕೋವಿ ಇದ್ದರೆ ಯಾವ ಕಳ್ಳ ಬರುತ್ತಾನೋ ನೋಡೇಬಿಡೋಣ." ಪಕ್ಕದ ಮನೆಯ ಉಪಾಧ್ಯಾಯಿನಿಯವರಿಗೆ ಈ ಮಾತು ಹಿಡಿಸಲಿಲ್ಲ. "ಕೋವಿ ಹಿಡಿಯುವವರೆಲ್ಲ ಕೊಲೆಗಡುಕರೇ. ಆ ಪದಾರ್ಥ ಯಾರ ಮನೆಯಲ್ಲಿಯೂ ಇರಕೂಡದು" ಎಂದರು. ಮೂಲೆಯಲ್ಲಿ ಕುಳಿತಿದ್ದ ಕೊಡಗಿನ ಹಿರಿಯರೊಬ್ಬರು ಮೆಲ್ಲನೆ ಎದ್ದು, "ನಮ್ಮ ಐನ್‌ಮನೆಯಲ್ಲಿ ತಲೆತಲಾಂತರದಿಂದ ಕೋವಿ ಇದೆ ಅಮ್ಮಾ. ನಮ್ಮಪ್ಪ ಕೊಲೆಗಡುಕರಾಗಿರಲಿಲ್ಲ" ಎಂದು ಹೇಳಿ, ಕಾಫಿಯನ್ನೂ ಮುಗಿಸದೆ ಹೊರಟುಹೋದರು. ಹದಿನೈದು ದಿನ ಆ ಎರಡು ಮನೆಗಳ ನಡುವೆ ಮಾತಿರಲಿಲ್ಲ.

ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಆಗ ಒಂದು ಸಣ್ಣ ಸಂಗತಿ ಹೊಳೆಯಿತು. ಕಳುವಾದ ಮನೆಯಲ್ಲಿ ಆ ದಿನ ಯಾರೂ ಇರಲಿಲ್ಲ. ಅಲ್ಲಿ ಕೋವಿ ಇದ್ದಿದ್ದರೆ ಅದೂ ಅದೇ ಬೀರುವಿನಲ್ಲಿ ಇರುತ್ತಿತ್ತು; ಒಡವೆಯೊಡನೆ ಅದೂ ಕಳ್ಳರ ಕೈ ಸೇರುತ್ತಿತ್ತು. ಓದು ಬರಹ ಬಲ್ಲ ಐದಾರು ಮಂದಿ ಒಂದು ಗಂಟೆ ವಾದಿಸಿದೆವು. ಈ ಮಾತು ಒಬ್ಬರಿಗೂ ಹೊಳೆಯಲಿಲ್ಲ. ಎಂಜಿನಿಯರು ಮಾತನಾಡುತ್ತಿದ್ದಾಗ ನಾನೇ ಎರಡು ಸಲ ತಲೆಯಾಡಿಸಿದ್ದೆ. ನಮ್ಮ ಬುದ್ಧಿ ಆ ಒಂದು ಗಂಟೆ ಎಲ್ಲಿ ಹೋಗಿತ್ತು ಎಂಬುದೇ ನನ್ನ ಇಂದಿನ ವಿಷಯ.

ಭಯಕ್ಕೆ ತನ್ನದೇ ಆದ ಒಂದು ಲೆಕ್ಕವಿದೆ. ಇಸ್ರೇಲಿನ ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬುವರು 1973 ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನು ವಿವರಿಸಿದ್ದಾರೆ. ಯಾವ ಸಂಗತಿ ಸುಲಭವಾಗಿ ನೆನಪಿಗೆ ಬರುತ್ತದೆಯೋ ಅದೇ ಹೆಚ್ಚಾಗಿ ನಡೆಯುತ್ತದೆಂದು ಮನುಷ್ಯ ಎಣಿಸುತ್ತಾನೆ. ನೆನ್ನೆ ನಡೆದದ್ದು, ನೆರೆಯಲ್ಲಿ ನಡೆದದ್ದು, ಕಣ್ಣಿಗೆ ಕಟ್ಟುವಂತೆ ನಡೆದದ್ದು ದೊಡ್ಡದಾಗಿ ಕಾಣುತ್ತದೆ. 2022 ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಆದರೂ ನಾವು ದಿನ ಬೆಳಗಾದರೆ ಮಾಗಡಿ ರಸ್ತೆಯನ್ನು ಯಾವ ಅಳುಕೂ ಇಲ್ಲದೆ ದಾಟುತ್ತೇವೆ. ರಾತ್ರಿ ಎಲೆ ಅಲುಗಿದರೆ ಮಾತ್ರ ಎದೆ ಡವಗುಟ್ಟುತ್ತದೆ. ಹೆದರಿದವರ ಮೇಲೆ ಕಪ್ಪೆ ಎಸೆದ ಹಾಗೆ ಎಂಬ ಗಾದೆಯನ್ನು ಮಾಡಿದ ಹಿರಿಯರಿಗೆ ಈ ಮನಶ್ಶಾಸ್ತ್ರ ಗೊತ್ತಿತ್ತು.

ಇಂಥ ಭಯ ಕೆಲವೊಮ್ಮೆ ಇಡೀ ನಗರವನ್ನು ಆವರಿಸುತ್ತದೆ. 2017 ರ ಸೆಪ್ಟೆಂಬರ್ 5 ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ರಾಜರಾಜೇಶ್ವರಿ ನಗರದ ಅವರ ಮನೆಯ ಬಾಗಿಲಿನಲ್ಲಿಯೇ ಗುಂಡಿಟ್ಟು ಕೊಂದರು. ಕೆಂಗೇರಿಗೂ ವಿಜಯನಗರಕ್ಕೂ ಅದು ದೂರದ ಜಾಗವಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 2015 ರ ಆಗಸ್ಟ್ 30 ರಂದು, ಧಾರವಾಡದಲ್ಲಿ ವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರನ್ನೂ ಹೀಗೆಯೇ ಮನೆಯಲ್ಲಿ ಕೊಂದಿದ್ದರು. ಎರಡು ಕೊಲೆಗಳಲ್ಲಿಯೂ ಬಳಕೆಯಾದದ್ದು ನಾಡಪಿಸ್ತೂಲು ಎಂದು ತನಿಖೆ ನಡೆಸಿದವರು ಹೇಳಿದರು. ಆ ದಿನಗಳಲ್ಲಿ ನಮ್ಮ ದುಃಖವೂ ಕೋಪವೂ ಸಹಜವಾಗಿದ್ದುವು. ಅವು ಇಲ್ಲದಿದ್ದರೆ ನಾವು ಮನುಷ್ಯರೇ ಅಲ್ಲ. ಆದರೆ ಆ ದುಃಖದಲ್ಲಿ ಆಡಿದ ಮಾತುಗಳನ್ನು ಈಗ ನೆನೆದುಕೊಳ್ಳಿ. "ಕಾನೂನಿನಿಂದ ಏನೂ ಆಗದು, ಎಲ್ಲರೂ ಆಯುಧ ಇಟ್ಟುಕೊಳ್ಳಲಿ" ಎಂದು ಕೆಲವರು. "ಲೈಸೆನ್ಸುಗಳನ್ನೆಲ್ಲ ರದ್ದು ಮಾಡಿ" ಎಂದು ಕೆಲವರು. ನಾಡಪಿಸ್ತೂಲಿಗೆ ಲೈಸೆನ್ಸು ಎಲ್ಲಿಂದ ಬರಬೇಕು? ಇರುವ ಲೈಸೆನ್ಸುಗಳನ್ನು ರದ್ದು ಮಾಡಿದರೆ ಅಂಥ ಪಿಸ್ತೂಲು ಮಾಯವಾಗದು. ಹೊಂಚು ಹಾಕಿ ಬಂದವನ ಎದುರಿಗೆ ಬೀರುವಿನೊಳಗಿನ ಕೋವಿ ಉಪಯೋಗಕ್ಕೆ ಬರುವುದೂ ಕಷ್ಟ. ಕೇಳಬೇಕಾಗಿದ್ದ ಪ್ರಶ್ನೆ, ಕಳ್ಳ ಆಯುಧಗಳು ಎಲ್ಲಿ ತಯಾರಾಗುತ್ತವೆ, ಯಾವ ದಾರಿಯಲ್ಲಿ ಬರುತ್ತವೆ ಎಂಬುದು. ಆ ಪ್ರಶ್ನೆಗೆ ತಾಳ್ಮೆ ಬೇಕು. ಕೋಪಕ್ಕೆ ತಾಳ್ಮೆ ಇಲ್ಲ.

ಭಯದಂತೆಯೇ ತಿರಸ್ಕಾರವೂ ಕಣ್ಣಿಗೆ ಪರದೆ ಕಟ್ಟುತ್ತದೆ. ನಮ್ಮ ಉಪಾಧ್ಯಾಯಿನಿಯವರು ಒಳ್ಳೆಯವರು. ಆದರೆ ಆ ದಿನ ಒಂದು ಜನಾಂಗದ ಬಾಳನ್ನೇ ಒಂದು ಮಾತಿನಲ್ಲಿ ತಳ್ಳಿಹಾಕಿದರು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಸಾವಿನ ಸುದ್ದಿಯನ್ನು ಊರಿಗೆ ತಿಳಿಸುವುದೂ ಗುಂಡಿನ ಸದ್ದಿನಿಂದಲೇ. 1861 ರಿಂದ ಅವರಿಗೆ ಆಯುಧ ಕಾನೂನಿನಲ್ಲಿ ವಿನಾಯಿತಿಯುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿ ಸರಿಯಲ್ಲವೆಂದು ನಿವೃತ್ತ ಸೈನ್ಯಾಧಿಕಾರಿಯೊಬ್ಬರು ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಎಲ್ಲರಿಗೂ ಒಂದೇ ಕಾನೂನು ಏಕಿರಬಾರದು ಎಂಬ ಅವರ ಪ್ರಶ್ನೆಯೂ ನ್ಯಾಯವಾದದ್ದೇ. 2021 ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಅದು 2029 ರವರೆಗೆ ಮಾತ್ರ ಕೊಟ್ಟದ್ದು, ಷರತ್ತುಗಳಿಗೆ ಒಳಪಟ್ಟದ್ದು ಎಂಬುದನ್ನೂ ಗಮನಕ್ಕೆ ತೆಗೆದುಕೊಂಡಿತು. ಸಂಪ್ರದಾಯವನ್ನು ಗೌರವಿಸಿ, ಅವಧಿಯನ್ನೂ ಷರತ್ತನ್ನೂ ನೋಡಿ ಹೇಳಿದ ತೀರ್ಪು ಅದು. ನಮ್ಮ ಜಗಲಿಯಲ್ಲಿ ಆ ಸಮಾಧಾನ ಇರಲಿಲ್ಲ.

ಮಲೆನಾಡಿನ ರೈತನ ಮಾತೂ ಇದೆ. ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂದು ಆಜ್ಞೆಯಾಗುವುದುಂಟು. ತೋಟಕ್ಕೆ ಹಂದಿ, ಕೋತಿ ನುಗ್ಗುವಾಗ ಬರಿಗೈಯಲ್ಲಿ ಏನು ಮಾಡಲಿ ಎಂದು ಅವನು ಕೇಳುತ್ತಾನೆ. 1959 ರ ಆಯುಧ ಕಾನೂನು ಬೆಳೆಯ ರಕ್ಷಣೆಗಾಗಿ ಕೇಪಿನ ಕೋವಿಯನ್ನು ಕೇಳುವವನಿಗೆ ಪ್ರತ್ಯೇಕವಾದ ಅವಕಾಶವನ್ನೇ ಕೊಟ್ಟಿದೆ. ರಾಜಾಜಿನಗರದ ಮಹಡಿ ಮನೆಯ ಕೋವಿಯೂ ಸೋಮವಾರಪೇಟೆಯ ತೋಟದ ಕೋವಿಯೂ ಒಂದೇ ಅಲ್ಲ. ಭಾವಾವೇಶ ಬಂದಾಗ ನಮಗೆ ಈ ವ್ಯತ್ಯಾಸ ಕಾಣುವುದಿಲ್ಲ; ಎಲ್ಲ ಕೋವಿಯೂ ಒಂದೇ ಕೋವಿಯಾಗಿಬಿಡುತ್ತದೆ.

ಈ ವಾದ ನಮ್ಮ ದೇಶಕ್ಕೆ ಹೊಸದಲ್ಲ. 1878 ರಲ್ಲಿ ಬ್ರಿಟಿಷರು ತಂದ ಆಯುಧ ಕಾನೂನು ಭಾರತೀಯರನ್ನು ನಿರಾಯುಧರನ್ನಾಗಿ ಮಾಡಿ, ಐರೋಪ್ಯರಿಗೆ ವಿನಾಯಿತಿ ಕೊಟ್ಟಿತ್ತು. ಆ ಅವಮಾನ ನಮ್ಮವರಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅಹಿಂಸೆಯನ್ನು ಬೋಧಿಸಿದ ಗಾಂಧೀಜಿಯೇ ಆ ಕಾನೂನನ್ನು ಕಟುವಾಗಿ ಖಂಡಿಸಿದ್ದರು. 1931 ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. ಸ್ವಾತಂತ್ರ್ಯ ಬಂತು. 1948 ರ ಜನವರಿ 30 ರಂದು ಗಾಂಧೀಜಿ ಪಿಸ್ತೂಲಿನ ಗುಂಡಿಗೆ ಬಲಿಯಾದರು. ಅದೇ ವರ್ಷ ಡಿಸೆಂಬರಿನಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಆಯುಧ ಹೊಂದುವ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಅದನ್ನು ವಿರೋಧಿಸಿದರು. ಪರಕೀಯರ ಆಳ್ವಿಕೆಯಲ್ಲಿ ಆ ಬೇಡಿಕೆಗೆ ಇದ್ದ ಅರ್ಥ ಬೇರೆ. ಸ್ವತಂತ್ರ ದೇಶದಲ್ಲಿ ಆಯುಧ ಯಾರ ಕೈಯಲ್ಲಿರಬಹುದು, ಯಾರ ಕೈಯಲ್ಲಿರಬಾರದು ಎಂದು ನಿಯಮ ಮಾಡುವ ಅಧಿಕಾರ ಸರ್ಕಾರಕ್ಕೆ ಇರಬೇಕು ಎಂಬುದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು. ಇಬ್ಬರೂ ದೇಶಪ್ರೇಮಿಗಳೇ. ಅರವತ್ತು ಎಪ್ಪತ್ತು ವರ್ಷದ ಅವಮಾನ ಒಂದು ಕಡೆ, ಹತ್ತು ತಿಂಗಳ ಹಿಂದಿನ ಶೋಕ ಇನ್ನೊಂದು ಕಡೆ ಇದ್ದಾಗಲೂ ಸಭೆ ವಿಷಯವನ್ನು ವಾದದಿಂದಲೇ ತೀರ್ಮಾನಿಸಿತು.

ಹಾಗಾದರೆ ಭಾವನೆಯೇ ಬೇಡವೇ? ಹಾಗೆ ನಾನು ಹೇಳಲಾರೆ. 1996 ರ ಏಪ್ರಿಲ್ 28 ರಂದು ಆಸ್ಟ್ರೇಲಿಯದ ಪೋರ್ಟ್ ಆರ್ಥರಿನಲ್ಲಿ ಒಬ್ಬನೇ ಮನುಷ್ಯ 35 ಮಂದಿಯನ್ನು ಕೊಂದ. ದೇಶವೆಲ್ಲ ಕಣ್ಣೀರಿಟ್ಟಿತು. ಎರಡೇ ವಾರದೊಳಗೆ ಅಲ್ಲಿಯ ಸರ್ಕಾರಗಳೆಲ್ಲ ಕೂಡಿ ಕಠಿಣವಾದ ನಿಯಮಗಳಿಗೆ ಒಪ್ಪಿದುವು; ಜನರ ಕೈಯಿಂದ ಸುಮಾರು ಆರೂವರೆ ಲಕ್ಷ ಕೋವಿಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆದರು. ಆ ದುಃಖವಿಲ್ಲದಿದ್ದರೆ ಆ ಕೆಲಸ ಅಷ್ಟು ಬೇಗ ಆಗುತ್ತಿರಲಿಲ್ಲ. ಆದರೆ ಯಾವ ಬಗೆಯ ಕೋವಿ ಬೇಡ, ರೈತನಿಗೆ ಯಾವುದು ಬೇಕು, ಪರಿಹಾರ ಎಷ್ಟು ಎಂಬುದನ್ನು ಕುಳಿತು ಗೊತ್ತುಮಾಡಿದ್ದು ವಿವೇಚನೆ. ಭಾವನೆ ನಮ್ಮನ್ನು ಎಬ್ಬಿಸಲಿ; ಎದ್ದ ಮೇಲೆ ದಾರಿ ನೋಡಲು ಕಣ್ಣು ಬೇಕು. ಅಮೆರಿಕದಲ್ಲಿ ಅನೇಕರು ಕೋವಿ ಕೊಳ್ಳುವುದು ಹೊರಗಿನ ಶತ್ರುವಿನ ಭಯದಿಂದ. ಆದರೆ ಅಲ್ಲಿ ಕೋವಿಯಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಭಯ ಬಾಗಿಲ ಹೊರಗೆ ನೋಡುತ್ತಿರುತ್ತದೆ. ಅಪಾಯ ಒಮ್ಮೊಮ್ಮೆ ಮನೆಯೊಳಗೆ, ನೊಂದ ಒಬ್ಬರ ಮನಸ್ಸಿನಲ್ಲಿ ಇರುತ್ತದೆ.

ಈಗ ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಆ ಕಳವು ನಡೆದು ಒಂದು ವಾರವಾಗಿತ್ತು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಕಾಂಪೌಂಡಿನೊಳಗೆ ಧೊಪ್ಪೆಂದು ಸದ್ದಾಯಿತು. ಕಿಟಕಿಯಿಂದ ನೋಡಿದೆ. ಕತ್ತಲಲ್ಲಿ ಒಬ್ಬ ಮನುಷ್ಯ ತೆಂಗಿನ ಮರದ ಬುಡದಲ್ಲಿ ಬಗ್ಗಿ ನಿಂತಿದ್ದಾನೆ. ಕೈಯಲ್ಲಿ ಏನೋ ಇದೆ. ಅವನು ಕಳ್ಳನೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಕೈ ನಡುಗುತ್ತಿತ್ತು. ಬಾಗಿಲ ಹಿಂದಿದ್ದ ದೊಣ್ಣೆ ಹಿಡಿದು, "ಯಾರದು?" ಎಂದು ಕೂಗಬೇಕೆಂದರೆ ಗಂಟಲಿನಿಂದ ಸ್ವರ ಹೊರಡಲಿಲ್ಲ. ಬಾಗಿಲು ತೆರೆದು ದೊಣ್ಣೆ ಎತ್ತಿದೆ. "ಅಪ್ಪಾ, ನಾನು" ಎಂದಿತು ಆ ಆಕೃತಿ. ರಾತ್ರಿಯ ಪಾಳಿ ಬೇಗ ಮುಗಿದು ಬಂದ ನನ್ನ ಮಗ. ಗೇಟಿನ ಬೀಗದ ಕೈ ಮರೆತಿದ್ದನಂತೆ. ನಮ್ಮನ್ನು ಎಬ್ಬಿಸಬಾರದೆಂದು ಗೇಟು ಹತ್ತಿ ಧುಮುಕಿದ್ದನಂತೆ. ಕೈಯಲ್ಲಿದ್ದದ್ದು ಅವನ ಊಟದ ಡಬ್ಬಿ.

ಎತ್ತಿದ ದೊಣ್ಣೆಯನ್ನು ಇಳಿಸಬಹುದು. ಹಾರಿದ ಗುಂಡನ್ನು ಯಾರು ಹಿಂದಕ್ಕೆ ಕರೆಯುತ್ತಾರೆ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ ನಮ್ಮ ಹಿರಿಯರು. ಆ ರಾತ್ರಿ ನನ್ನ ಮನೆಯಲ್ಲಿ ಕೋವಿ ಇದ್ದಿದ್ದರೆ ಈ ಮಾತು ಆಡಲು ನಾನು ನಿಮ್ಮ ಮುಂದೆ ಇರುತ್ತಿದ್ದೆನೋ ಇಲ್ಲವೋ.

ಇದರಿಂದ ಯಾರೂ ಕೋವಿ ಇಟ್ಟುಕೊಳ್ಳಬಾರದೆಂಬ ತೀರ್ಮಾನಕ್ಕೆ ನಾನು ಹಾರುವುದಿಲ್ಲ. ಹಾಗೆ ಹಾರಿದರೆ ನನ್ನ ಒಂದು ರಾತ್ರಿಯ ಭಯವನ್ನೇ ಎಲ್ಲರಿಗೂ ನಿಯಮವನ್ನಾಗಿ ಮಾಡಿದಂತಾಗುತ್ತದೆ. ಕಾಡಂಚಿನ ತೋಟದವನ ಲೆಕ್ಕವೇ ಬೇರೆ. ಆದರೆ ಕೋವಿ ಬೇಕು ಎನ್ನುವವರೂ ಬೇಡ ಎನ್ನುವವರೂ ಮೊದಲು ತಮ್ಮನ್ನು ತಾವೇ ಮೂರು ಮಾತು ಕೇಳಿಕೊಳ್ಳಬಹುದು. ನನ್ನನ್ನು ಈಗ ಮಾತನಾಡಿಸುತ್ತಿರುವುದು ಯಾವುದು, ನೆನ್ನೆಯ ಘಟನೆಯೋ ಹಲವು ವರ್ಷದ ಅನುಭವವೋ? ನಾನು ಹೇಳುವ ಪರಿಹಾರ ಆ ಘಟನೆಯನ್ನು ನಿಜವಾಗಿ ತಡೆಯುತ್ತಿತ್ತೇ? ನನ್ನ ಎದುರಿಗೆ ಕುಳಿತವನ ಊರು, ಕಸುಬು, ಸಂಪ್ರದಾಯ ನನಗೆ ಗೊತ್ತೇ? ಉತ್ತರ ಕೂಡಲೆ ಹೊಳೆಯದಿದ್ದರೆ ಒಂದು ತಿಂಗಳು ಕಾಯುವುದರಿಂದ ನಷ್ಟವಿಲ್ಲ. ಲೈಸೆನ್ಸಿನ ಅರ್ಜಿ, ಪೊಲೀಸರ ವಿಚಾರಣೆ, ವರದಿ ಇವೆಲ್ಲ ತಡವೆಂದು ನಾವು ಗೊಣಗುತ್ತೇವೆ. ಆ ತಡದಲ್ಲಿ ಎಷ್ಟೋ ಮನಸ್ಸುಗಳು ತಿಳಿಯಾಗುತ್ತವೆ.

ನಮ್ಮ ಎಂಜಿನಿಯರು ಇನ್ನೂ ಅರ್ಜಿ ಹಾಕಿಲ್ಲ. ಹಿತ್ತಲ ಬಾಗಿಲಿಗೆ ಕಬ್ಬಿಣದ ಸರಳು, ಗೇಟಿಗೆ ಒಂದು ದೀಪ ಹಾಕಿಸಿದ್ದಾರೆ. "ಕೋವಿಯ ವಿಷಯ ಕೈಬಿಟ್ಟಿಲ್ಲ, ಯೋಚನೆ ಮಾಡುತ್ತಿದ್ದೇನೆ" ಎನ್ನುತ್ತಾರೆ. ಯೋಚನೆ ಮಾಡಲಿ. ಉಪಾಧ್ಯಾಯಿನಿಯವರು ಒಂದು ಬೆಳಿಗ್ಗೆ ತಾವಾಗಿಯೇ ಕೊಡಗಿನ ಹಿರಿಯರ ಮನೆಗೆ ಹೋಗಿ, "ಆ ದಿನ ನಾನು ಹಾಗೆ ಅನ್ನಬಾರದಾಗಿತ್ತು" ಎಂದರಂತೆ. ಕೋವಿ ಬೇಡವೆಂಬ ಅವರ ಅಭಿಪ್ರಾಯ ಬದಲಾಗಿಲ್ಲ. ಹಿರಿಯರ ಅಭಿಪ್ರಾಯವೂ ಬದಲಾಗಿಲ್ಲ. ಆದರೆ ಈಗ ಇಬ್ಬರೂ ಅದೇ ಜಗಲಿಯಲ್ಲಿ ಕುಳಿತು, ಕಾಫಿ ಮುಗಿಯುವವರೆಗೂ ವಾದಿಸುತ್ತಾರೆ.