ಮೂರು ತಿಂಗಳು ತುಂಬುವ ಮೊದಲೇ



ಬಸುರಿನ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬ ರೂಢಿ ಅನೇಕ ಮನೆಗಳಲ್ಲಿದೆ. ಊರಿಗೆ ಹೇಳದಿದ್ದರೆ ನಷ್ಟವಿಲ್ಲ. ಆದರೆ ಆರೋಗ್ಯ ಸಹಾಯಕಿಯಿಂದಲೂ ಆಶಾ ಕಾರ್ಯಕರ್ತೆಯಿಂದಲೂ ಮುಚ್ಚಿಟ್ಟರೆ ನಷ್ಟವು ಮಗುವಿಗೆ. ಅದರ ಅಂಗಾಂಗಗಳು ರೂಪುಗೊಳ್ಳುವುದು ಆ ಮೂರು ತಿಂಗಳಲ್ಲಿಯೇ.

ಗರ್ಭ ನಿಂತ ಮೂರು ವಾರಗಳ ಸುಮಾರಿಗೆ ಭ್ರೂಣದ ಹೃದಯವು ಮಿಡಿಯತೊಡಗುತ್ತದೆ. ಆಗ ತಾಯಿಯು ಮುಟ್ಟು ತಡವಾಯಿತೆಂದು ದಿನ ಎಣಿಸುತ್ತಿರುತ್ತಾಳೆ, ಅಷ್ಟೆ. ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ನಳಿಕೆಯು ನಾಲ್ಕನೆಯ ವಾರದ ಕೊನೆಗೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗುವಿಗೆ ಹುಟ್ಟಿನಿಂದಲೇ ಊನವುಂಟಾಗುತ್ತದೆ. ಇದನ್ನು ಬಹುಮಟ್ಟಿಗೆ ತಡೆಯುವುದು ಫೋಲಿಕ್ ಆಮ್ಲದ ಗುಳಿಗೆ, ದಿನಕ್ಕೆ 400 ಮೈಕ್ರೊಗ್ರಾಂ. ಮಗು ಬೇಕೆಂದು ನಿಶ್ಚಯಿಸಿದ ದಂಪತಿಗಳು ಬಸುರಿಗೆ ಮೊದಲೇ ಅದನ್ನು ಕೇಳಿ ಪಡೆಯಬೇಕು. ಎಂಟು ವಾರಗಳಿಗೆ ಕೈಕಾಲು, ಬೆರಳು, ಕಣ್ಣುಗಳು ಮೂಡಿರುತ್ತವೆ. ಮಗುವಾದರೋ ಇನ್ನೂ ಒಂದು ಹಸಿ ಅಡಿಕೆಕಾಯಿಗಿಂತ ದೊಡ್ಡದಲ್ಲ.

ಅಡಿಕೆಯ ಮಾತು ಬಂದಿತು. ನಮ್ಮ ತೋಟಗಳ ಬೆಳೆಯಾದುದರಿಂದ ಹೇಳಲು ಸಂಕೋಚ. ಆದರೂ ಬಸುರಿಯು ಎಲೆಯಡಿಕೆಯನ್ನು ಬಿಡಲೇಬೇಕು. ಓಕರಿಕೆ ನಿಲ್ಲುವುದೆಂದು ಹಾಕಿಕೊಳ್ಳುವವರುಂಟು. ಅಡಿಕೆ ಅಗಿಯುವ ತಾಯಂದಿರಿಗೆ ಕಡಿಮೆ ತೂಕದ ಶಿಶುಗಳು ಹುಟ್ಟುವ ಸಂಭವ ಹೆಚ್ಚೆಂದು ಕಂಡುಬಂದಿದೆ. ಹೊಗೆಸೊಪ್ಪು ಸೇರಿದರೆ ಕೇಡು ಇನ್ನೂ ಹೆಚ್ಚು.

ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಕಾಫಿ, ಚಹಾಗಳೊಡನೆ ನುಂಗಿದರೆ ಅದು ರಕ್ತಕ್ಕೆ ಸರಿಯಾಗಿ ಸೇರದು. ನಿಂಬೆಯ ಪಾನಕ ಒಳ್ಳೆಯದು. ಮಲವು ಕಪ್ಪಾದರೆ ಹೆದರಿ ಬಿಡಬೇಡಿ. ಹೊಟ್ಟೆತುಂಬ ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಸೊಸೆಯ ಅನ್ನ ಕಡಿಮೆ ಮಾಡುವ ಅತ್ತೆಯರು ಇಂದಿಗೂ ಇದ್ದಾರೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸನ್ನು ಉಳಿಸಿಕೊಳ್ಳುವ ಕಷ್ಟವನ್ನು ಅವರೂ ನೋಡಿರುತ್ತಾರೆ.

ಗಂಡಂದಿರಿಗೆ ಒಂದು ಮಾತು. 1957ರಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಉಣ್ಣೆಗಳ ಕಾಟ ಹೆಚ್ಚು. ಆ ದಿನಗಳಲ್ಲಿ ತರಗೆಲೆ, ಸೌದೆಗಳಿಗಾಗಿ ಬಸುರಿ ಹೆಂಡತಿಯನ್ನು ಕಾಡಿಗೆ ಕಳುಹಿಸಬೇಡಿ.

ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ. ರಕ್ತಸ್ರಾವವಾದರೆ, ಮುಖ ಊದಿ ಕಣ್ಣು ಮಂಜಾದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ತಾರೀಖಿಗೆ ಕಾಯದೆ, ಬೆಳಗಾಗಲೆಂದೂ ಕಾಯದೆ, 108ಕ್ಕೆ ಕರೆ ಮಾಡಿರಿ.