ಅಂಕವೂ ಆಸನವೂ

ನಮ್ಮ ಭಾಷೆಯಲ್ಲಿ 'ಅಂಕ' ಎಂಬ ಶಬ್ದಕ್ಕೆ ಅರ್ಥಗಳು ಹಲವು. ಗುರುತು ಎಂದೊಂದು, ತೊಡೆ ಎಂದೊಂದು, ಕಾಳಗ ಎಂದೊಂದು, ನಾಟಕದ ಭಾಗ ಎಂದೊಂದು. ಶಾಲೆಯ ಮಕ್ಕಳಿಗಾದರೋ ಅಂಕವೆಂದರೆ ಪರೀಕ್ಷೆಯ ಫಲ. ಈ ಪಟ್ಟಿಗೆ ಈಗ ಇನ್ನೊಂದನ್ನು ಸೇರಿಸಬೇಕಾಗಿದೆ: ವಿಮಾನದಲ್ಲಿ ಮತ್ತೆ ಮತ್ತೆ ಪ್ರಯಾಣ ಮಾಡಿದವರಿಗೆ, ಇಲ್ಲವೆ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಿಂದ ಖರ್ಚು ಮಾಡಿದವರಿಗೆ, ಕಂಪನಿಗಳು ಖಾತೆಗೆ ಬರೆದುಕೊಡುವ ಅಂಕ. ಪಾಯಿಂಟು, ಮೈಲು ಎಂಬುವು ಇದರ ರೂಢಿಯ ಹೆಸರುಗಳು. ಸಾಕಷ್ಟು ಕೂಡಿದರೆ ಟಿಕೇಟಿನ ಬೆಲೆಗೆ ಬದಲಾಗಿ ಅಂಕವನ್ನೇ ಕೊಟ್ಟು ಹಾರಬಹುದು. ತೆರಿಗೆ, ಶುಲ್ಕಗಳನ್ನು ಮಾತ್ರ ಹಣವಾಗಿ ತೆರಬೇಕು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿ ಇಂಥ ಯೋಜನೆಯೊಂದನ್ನು ತೆರೆದ ಮೇಲೆ ಈ ಪದ್ಧತಿ ಲೋಕದಲ್ಲೆಲ್ಲ ಹಬ್ಬಿತು.

ಇದು ದೊಡ್ಡ ನಗರದವರ ಮಾತು, ಹುಕ್ಕೇರಿ ತಾಲೂಕಿನ ದಡ್ಡಿಯವರಿಗೆ ಇದರಿಂದೇನು ಎಂದು ನೀವು ಕೇಳಬಹುದು. ಘಟಪ್ರಭೆಯ ಸೀಮೆಯ ನಮ್ಮ ಹಳ್ಳಿಗಳಿಂದಲೂ ಓದಿದ ಮಕ್ಕಳು ಬೆಂಗಳೂರಿಗೆ, ಅಲ್ಲಿಂದ ಹೊರದೇಶಗಳಿಗೆ ಹೋಗಿ ನೆಲೆಸುವುದುಂಟು. ಮೋಹನಗಾ-ದಡ್ಡಿಯ ಭಾವೇಶ್ವರಿ ಜಾತ್ರೆಗೆ ಮಗ, ಸೊಸೆ, ಮೊಮ್ಮಕ್ಕಳು ಬಂದಾರೆಂದು ಹಿರಿಯರು ದಾರಿ ನೋಡುವುದೂ ಉಂಟು. ನಾಲ್ವರ ಟಿಕೇಟಿನ ಬೆಲೆ ಕಂಡು ಮಗ "ಮುಂದಿನ ವರುಷ ನೋಡೋಣ" ಎನ್ನುತ್ತಾನೆ. ಅವನ ಖಾತೆಯಲ್ಲಿ ಲಕ್ಷಗಟ್ಟಲೆ ಅಂಕ ಬಿದ್ದುಕೊಂಡಿರಬಹುದು. ಎರಡು ಸಲ ಹುಡುಕಿ, ಆಸನವಿಲ್ಲವೆಂದು ಕೈಬಿಟ್ಟಿರಬಹುದು. ಆದರೆ ಹಿರಿಯರ ಪಾಲಿಗೆ ಮುಂದಿನ ವರುಷಗಳೇನು ಲೆಕ್ಕವಿಲ್ಲದಷ್ಟು ಇವೆಯೆ? ಆದ್ದರಿಂದಲೇ ಈ ವಿಷಯ ಮನೆಮನೆಯವರೂ ತಿಳಿಯತಕ್ಕದ್ದು.

ಮೊದಲು ಒಂದು ತತ್ತ್ವವನ್ನು ಗ್ರಹಿಸಬೇಕು. ಅಂಕವಿದ್ದ ಮಾತ್ರಕ್ಕೆ ಆಸನವಿದೆ ಎಂದಲ್ಲ. ಹಿಡಕಲ್ ಜಲಾಶಯ ತುಂಬಿದ್ದರೂ ಕಾಲುವೆಯಲ್ಲಿ ನೀರು ಬರುವುದು ತೂಬು ಎತ್ತಿದ ದಿನವೇ ತಾನೆ? ವಿಮಾನ ಕಂಪನಿಯೂ ಹಾಗೆಯೇ. ಹಣಕ್ಕೆ ಮಾರಿಹೋಗುವ ಆಸನವನ್ನು ಅದು ಅಂಕಕ್ಕೆ ಬಿಡುವುದಿಲ್ಲ. ಖಾಲಿ ಉಳಿದೀತೆಂದು ತೋರಿದ ಕೆಲವನ್ನು ಮಾತ್ರ ಬಿಡುತ್ತದೆ. ಕೆಲವು ಕಂಪನಿಗಳು ಎಲ್ಲ ಆಸನಗಳನ್ನೂ ಅಂಕಕ್ಕೆ ತೋರಿಸುತ್ತವೆ, ನಿಜ. ಆದರೆ ಟಿಕೇಟಿನ ಬೆಲೆ ಏರಿದಂತೆ ಕೇಳುವ ಅಂಕವೂ ಏರುತ್ತದೆ. ಹೀಗಾಗಿ ತೂಬು ಎಂದು ಏಳುತ್ತದೆಂಬುದನ್ನು ಬಲ್ಲವನೇ ಇಲ್ಲಿ ಜಾಣ.

ತೂಬು ಏಳುವುದು ಮುಖ್ಯವಾಗಿ ಎರಡು ಕಾಲದಲ್ಲಿ. ಅನೇಕ ಕಂಪನಿಗಳು ಪ್ರಯಾಣಕ್ಕೆ ಸುಮಾರು ಹನ್ನೊಂದು ತಿಂಗಳು ಮೊದಲೇ ಮಾರಾಟ ತೆರೆಯುತ್ತವೆ. ಆಗಲೇ ಕೆಲವು ಆಸನಗಳು ಅಂಕಕ್ಕೂ ದೊರೆಯುತ್ತವೆ. ಎರಡನೆಯದು, ಪ್ರಯಾಣದ ಹಿಂದಿನ ಒಂದೆರಡು ವಾರ. ಮಾರದೆ ಉಳಿದವು ಆಗ ಹೊರಬರಬಹುದು. ಮಕ್ಕಳ ಶಾಲೆ, ಕಚೇರಿಯ ರಜೆ ಎಲ್ಲ ಹೊಂದಿಸಬೇಕಾದ ಸಂಸಾರವಂದಿಗನಿಗೆ ಮೊದಲನೆಯದೇ ಸರಿ. ಒಬ್ಬಂಟಿಯಾಗಿ ಬರುವವನು ಎರಡನೆಯದನ್ನು ನೆಚ್ಚಬಹುದು. ದೀಪಾವಳಿ, ಡಿಸೆಂಬರಿನ ಕೊನೆ, ಬೇಸಗೆಯ ರಜೆ, ಈ ದಿನಗಳಲ್ಲಿ ಆಸನ ಬಲು ದುರ್ಲಭ. ನಾಲ್ಕು ದಿನ ಹಿಂದೆ ಮುಂದೆ ಮಾಡಿಕೊಳ್ಳಲು ಒಪ್ಪಿದವನಿಗೆ ಬಾಗಿಲು ತೆರೆಯುವ ಸಂಭವ ಹೆಚ್ಚು.

ಇನ್ನು ಹುಡುಕುವ ಕ್ರಮ. ನಾಲ್ವರಿಗೆಂದು ಕೇಳಿದಾಗ, ಇರುವುದು ಮೂರೇ ಆಸನವಾದರೆ, ಸಾಮಾನ್ಯವಾಗಿ "ಇಲ್ಲ" ಎಂದೇ ಉತ್ತರ ಬರುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ ಎಂದು ಕೇಳಿ ನೋಡಬೇಕು. ತಾಯಿಯೂ ಒಂದು ಮಗುವೂ ಒಂದು ದಿನ, ತಂದೆಯೂ ಇನ್ನೊಂದು ಮಗುವೂ ಮರುದಿನ ಬಂದರೆ ಜಾತ್ರೆಗೇನೂ ಕೊರತೆಯಿಲ್ಲ. ದೀರ್ಘ ಸಮಾಸವನ್ನು ಪದ ಪದವಾಗಿ ಬಿಡಿಸಿ ಅರ್ಥಮಾಡುವಂತೆ ದಾರಿಯನ್ನೂ ಬಿಡಿಸಿ ನೋಡಬೇಕು. ಅಮೆರಿಕದಿಂದ ಫ್ರಾಂಕ್‌ಫರ್ಟಿಗೆ ಒಂದು ಹುಡುಕಾಟ, ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಇನ್ನೊಂದು. ಆಗ ಯಾವ ತುಂಡಿನಲ್ಲಿ ಅಡ್ಡಿಯಿದೆಯೆಂಬುದು ತಿಳಿಯುತ್ತದೆ.

ಮಿತ್ರ ಕಂಪನಿಗಳನ್ನು ಮರೆಯಬಾರದು. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಎಂಬ ಕೂಟವನ್ನು ಸೇರಿತು. ಬೆಂಗಳೂರಿಗೆ ಬರುವ ಲುಫ್ತಾನ್ಸ, ಸಿಂಗಪುರ್ ಏರ್‌ಲೈನ್ಸ್ ಕಂಪನಿಗಳೂ ಅದೇ ಕೂಟದವು. ಒಂದರಲ್ಲಿ ಗಳಿಸಿದ ಅಂಕದಿಂದ ಇನ್ನೊಂದರ ವಿಮಾನದಲ್ಲಿ ಆಸನ ಪಡೆಯಲು ಅವಕಾಶವುಂಟು. ಆದರೆ ಮನೆಯವರಿಗೆ ಬಡಿಸಿದಷ್ಟು ನೆಂಟರಿಗೆ ಬಡಿಸುವುದಿಲ್ಲ: ತನ್ನ ಸದಸ್ಯರಿಗೆ ತೋರಿಸುವ ಆಸನಗಳೆಲ್ಲವನ್ನೂ ಕಂಪನಿ ಮಿತ್ರರಿಗೆ ತೋರಿಸಬೇಕೆಂದಿಲ್ಲ.

ಎಲ್ಲಕ್ಕೂ ಮಿಗಿಲಾದ ಎಚ್ಚರಿಕೆ ಒಂದುಂಟು. ಕಾರ್ಡಿನ ಅಂಕವನ್ನು ವಿಮಾನದ ಖಾತೆಗೆ ಒಮ್ಮೆ ಸಾಗಿಸಿದರೆ ಸಾಮಾನ್ಯವಾಗಿ ಹಿಂದಕ್ಕೆ ತರಲಾಗದು. ಪರದೆಯ ಮೇಲೆ ಕಂಡ ಆಸನ ಕೆಲವು ವೇಳೆ ಮರೀಚಿಕೆಯಾಗಿರುತ್ತದೆ. ಆದುದರಿಂದ ಆಸನವಿರುವುದನ್ನು ಇನ್ನೊಂದು ಕಡೆಯಲ್ಲಿಯೂ, ಸಾಧ್ಯವಾದರೆ ಕಂಪನಿಗೆ ಫೋನು ಮಾಡಿಯೂ ಖಚಿತಪಡಿಸಿಕೊಂಡ ಮೇಲೆಯೇ ಸಾಗಿಸಬೇಕು. ಶುಲ್ಕದ ಮೊತ್ತವನ್ನೂ ಮೊದಲೇ ನೋಡಬೇಕು. ಕೆಲವೆಡೆ ಅದೇ ಅರ್ಧ ಟಿಕೇಟಿನಷ್ಟಾದೀತು.

ದೇವನಹಳ್ಳಿಯಲ್ಲಿ ಇಳಿದ ಮೇಲೆ ಬೆಳಗಾವಿಯ ಸಾಂಬ್ರಾಕ್ಕೆ ವಿಮಾನವುಂಟು. ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸೂ ಉಂಟು. ಬೇರೆ ಬೇರೆ ಟಿಕೇಟುಗಳಾದರೆ ನಡುವೆ ಒಂದು ದಿನದ ಬಿಡುವಿರಲಿ. ಮೊದಲನೆಯದು ತಡವಾದರೆ ಎರಡನೆಯದು ನಿಮಗಾಗಿ ಕಾಯುವುದಿಲ್ಲ.

ಅಂಕವನ್ನು ಹೊನ್ನಿನಂತೆ ಹೂತಿಡುವವರೂ ಇದ್ದಾರೆ. ಅದು ಹೊನ್ನಲ್ಲ, ಕಂಪನಿಯ ಮಾತು ಮಾತ್ರ. ನಮ್ಮ ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಸದಸ್ಯರ ಅಂಕಗಳಿಗೆ ಹಾರಲು ವಿಮಾನವೇ ಇಲ್ಲದಾಯಿತು. ವಿಸ್ತಾರ ಕಂಪನಿ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಸದಸ್ಯರ ಅಂಕಗಳು ಮಹಾರಾಜ ಕ್ಲಬ್ಬಿಗೆ ಸೇರಿ ಉಳಿದವು. ಎಲ್ಲರಿಗೂ ಆ ಭಾಗ್ಯ ಬರುವುದೆಂದು ನೆಚ್ಚಲಾಗದು. ಕಂಪನಿ ಬದುಕಿದ್ದರೂ ಅನೇಕ ಯೋಜನೆಗಳಲ್ಲಿ ಅಂಕಕ್ಕೆ ಅವಧಿಯುಂಟು. ಒಂದು ಆಸನಕ್ಕೆ ಬೇಕಾದ ಅಂಕವನ್ನು ಅದು ಏರಿಸಲೂಬಹುದು.

ಗಾಳಿ ಬಂದಾಗ ತೂರಿಕೋ ಎಂದು ಕಣದಲ್ಲಿ ದುಡಿದವರು ಹೇಳಿದ ಮಾತು ಇಲ್ಲಿಗೂ ಒಪ್ಪುತ್ತದೆ. ಮುಂದಿನ ಜಾತ್ರೆಯ ದಿನವನ್ನು ಊರಿನ ಹಿರಿಯರಿಂದ ಮೊದಲೇ ಕೇಳಿ ತಿಳಿದು ಮಕ್ಕಳಿಗೆ ತಿಳಿಸುವುದು ಮನೆಯಲ್ಲಿರುವ ನಿಮ್ಮ ಪಾಲಿನ ಕೆಲಸ. ಮಗ ಫೋನು ಮಾಡಿದಾಗ ಮೂರು ಪ್ರಶ್ನೆ ಕೇಳಿರಿ: ಅಂಕ ಎಷ್ಟಿದೆ, ಯಾವ ಕಂಪನಿಯದು, ಅವಧಿ ಎಂದಿಗೆ ಮುಗಿಯುತ್ತದೆ? ಉತ್ತರ ಗೊತ್ತಿಲ್ಲವೆಂದರೆ ಆ ಸಂಜೆಯೇ ನೋಡಿ ಹೇಳೆನ್ನಿರಿ. ಹುಡುಕಾಟ ಅಲ್ಲಿಂದಲೇ ಮೊದಲಾಗಲಿ.